ಊದಿ ಆರಿಸಿದ ಆರತಿ

ಮೈದುನ ಶಿವಮೂರ್ತಪ್ಪ ಸೊರಬದಲ್ಲಿ ಪೆಟ್ರೋಲ್ ಬಂಕ್ ತೆರೆಯುತ್ತಾನೆಂದು ಕೇಳಿದಂದಿನಿಂದ ರಾಜೇಶ್ವರಮ್ಮನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ ಶಿಕಾರಿಪುರದಲ್ಲಿ ಅವಳ ಗಂಡ ಪರಮಶಿವಪ್ಪನ ಅಂಗಡಿಯಲ್ಲಿ ಸೀಮೆಎಣ್ಣೆ ಅಳೆದು ಕೊಡುತ್ತಿದ್ದ ಹುಡುಗ ಅವನು. "ಏಜೆಂಟರ ಹಿಂದೆ ಯಾಕ್ ತಿರುಗ್ಬೇಕಣ್ಣ, ಎಣ್ಣೆ ನಾವೇ ತರ್ಸೋಣ" ಎಂದು ಅವನೆಂದಾಗ ಅಣ್ಣ ನಕ್ಕುಬಿಟ್ಟಿದ್ದ. ತಮ್ಮ ಬೇರೆಯಾಗಿ ಸೊರಬಕ್ಕೆ ಹೋದ. ಮೊದಲು ಎತ್ತಿನ ಗಾಡಿಯಲ್ಲಿ ಡಬ್ಬ ಹೇರಿಕೊಂಡು ಚಂದ್ರಗುತ್ತಿ, ಹೊಸಬಾಳೆ ಸುತ್ತಿದ. ಆಮೇಲೆ ಪೀಪಾಯಿ ಬಂದವು, ಸ್ವಂತ ಲಾರಿ ಬಂತು. ಈಗ ಶಿವಮೂರ್ತಿ ಆಯಿಲ್ ಕಂಪನಿ ಎಂಬ ಬೋರ್ಡು. ಪರಮಶಿವಪ್ಪನ ಅಂಗಡಿಗೂ ಎಣ್ಣೆ ಬರುವುದು ಅದೇ ಲಾರಿಯಲ್ಲಿ.

ಬಂಕಿನ ಪೂಜೆಯ ದಿನ ಆರತಿ ಎತ್ತಬೇಕಾದವಳು ಹಿರಿಸೊಸೆಯಾದ ತಾನು ಎಂದು ರಾಜೇಶ್ವರಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಆದರೆ ಅತ್ತೆ ಉಚ್ಚಂಗಮ್ಮ ತಟ್ಟೆಯನ್ನು ಶಿವಮೂರ್ತಪ್ಪನ ಹೆಂಡತಿ ನಿರ್ಮಲಮ್ಮನ ಕೈಗೆ ಕೊಟ್ಟರು.

"ಕಂಪನಿ ಅವಳ ಗಂಡಂದು, ಅವಳೇ ಎತ್ಲಿ."

ರಾಜೇಶ್ವರಮ್ಮ ಬದಿಗೆ ಸರಿದು ನಿಂತಳು. ನಿಂತಲ್ಲಿಂದಲೇ ಎಲ್ಲದರಲ್ಲೂ ಹುಳುಕು ಹುಡುಕತೊಡಗಿದಳು. ಬೋರ್ಡು ವಾಲಿತ್ತು. ಮಾವಿನೆಲೆ ಬಾಡಿತ್ತು. ಬೆಳಿಗ್ಗೆ ಪಂಪಿನಿಂದ ಪೆಟ್ರೋಲ್ ಬಿಟ್ಟು ಪರೀಕ್ಷೆ ಮಾಡಿದವರು ಅದರ ಕೊಳವೆಯನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ; ಅದು ತೊಟ್ಟಿಕ್ಕಿ ಪಂಪಿನ ಬುಡದ ಮಣ್ಣು ಕಪ್ಪಗೆ ನೆನೆದಿತ್ತು.

ನಿರ್ಮಲಮ್ಮ ಕರ್ಪೂರ ಹಚ್ಚಿಕೊಂಡು ಅಲ್ಲಿಗೇ ಬರುತ್ತಿದ್ದಳು. ಬೆಳಗಿದ ಮೇಲೆ ಉರಿಯುವ ಬಿಲ್ಲೆಯನ್ನು ಪಂಪಿನ ಬುಡದಲ್ಲೇ ಇಡುವುದು ರೂಢಿ.

ಹೇಳದಿದ್ದರೆ? ತಾನು ನೋಡಿದ್ದು ಯಾರಿಗೂ ಗೊತ್ತಿಲ್ಲ. ಬೋರ್ಡು, ಪಂಪು, ಲಾರಿ, ಎಲ್ಲ... ನಿರ್ಮಲಮ್ಮ ಇನ್ನೊಂದು ಹೆಜ್ಜೆ ಮುಂದಿಟ್ಟಳು. ಅವಳ ಸೀರೆಯ ನೆರಿಗೆ ಒದ್ದೆ ಮಣ್ಣಿನತ್ತ ತೂಗಿತು.

ರಾಜೇಶ್ವರಮ್ಮ ಓಡಿಹೋಗಿ ತಟ್ಟೆ ಹಿಡಿದು ಹಿಂದಕ್ಕೆಳೆದಳು. ಉಫ್ ಎಂದು ಬಾಯಿಂದ ಊದಿ ಕರ್ಪೂರ ಆರಿಸಿದಳು.

"ಅಯ್ಯಯ್ಯೋ, ಎಂಜಲು ಉಸಿರಲ್ಲಿ ಆರತಿ ಆರ್ಸಿದ್ಲಲ್ರೀ!" ಉಚ್ಚಂಗಮ್ಮ ಎದೆ ಬಡಿದುಕೊಂಡರು. "ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡೇನೇ?"

"ಇದಕ್ಕೇನೇ ನೀನು ಬಂದಿದ್ದು?" ಎಂದು ಪರಮಶಿವಪ್ಪ ತಲೆ ತಗ್ಗಿಸಿದ.

ರಾಜೇಶ್ವರಮ್ಮ ಪಂಪಿನ ಬುಡಕ್ಕೆ ಬೆರಳು ತೋರಿಸಿದಳು. ಶಿವಮೂರ್ತಪ್ಪ ಬಗ್ಗಿ ಚಿಟಿಕೆ ಮಣ್ಣು ತೆಗೆದು ಮೂಸಿದ. ಅವನ ಮುಖ ಬಿಳಿಚಿತು.

"ಅತ್ತಿಗೆಮ್ಮ, ನಿಮ್ಮ ಕಣ್ಣು ಅಲ್ಲಿಗೆ ಹೆಂಗ್ ಬಿತ್ರೀ?"

ಅವಳು ಆರಿದ ತಟ್ಟೆಯನ್ನು ನಿರ್ಮಲಮ್ಮನ ಕೈಗೆ ಹಿಂತಿರುಗಿಸಿದಳು.

ನಿರ್ಮಲಮ್ಮ ಅರಿಶಿನ ಸುಣ್ಣ ಕಲಸಿ ಕೆಂಪು ನೀರು ಮಾಡಿ ತಂದಳು. "ದೀಪ ಬೇಡಕ್ಕಾ, ಇದನ್ನೇ ಎತ್ರಿ. ನೀವೇ ಎತ್ಬೇಕು." ಉಚ್ಚಂಗಮ್ಮ ಮುಖ ತಿರುಗಿಸಿಕೊಂಡರೇ ಹೊರತು ಬೇಡವೆನ್ನಲಿಲ್ಲ. ಬೇಕೆಂದು ಬಂದಿದ್ದ ಮರ್ಯಾದೆಯೇ ಸಿಕ್ಕಿತ್ತು. ಆದರೂ ಕೆಂಪು ನೀರಿನಲ್ಲಿ ಹೊಸ ಪಂಪಿನ ನೆರಳು ಅಲುಗಿದಾಗ ರಾಜೇಶ್ವರಮ್ಮ ಕಣ್ಣು ಬೇರೆಡೆ ಹೊರಳಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಪರಮಶಿವಪ್ಪ ಮೆಲ್ಲಗೆ ಮಾತು ತೆಗೆದ. "ತಮ್ಮ ಶಿಕಾರಿಪುರದಾಗೂ ಒಂದ್ ಬಂಕ್ ಹಾಕ್ತಾನಂತೆ. ಪೂಜೆ ನಿನ್ ಕೈಯಿಂದ್ಲೇ ಆಗ್ಬೇಕಂತೆ."

"ಎಲ್ಲಿ?"

"ನಮ್ಮ ಅಂಗಡಿ ಎದುರಿಗೇ."

ರಾಜೇಶ್ವರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸೆರಗಿಗೂ ಪೆಟ್ರೋಲಿನ ವಾಸನೆ ಹತ್ತಿತ್ತು.