ಬುಡ ನೋಡಿ ಆರಿಸಿದ ಗುಂಡು

ವರ್ನಾ ಡುರ್ಕೊ ಎರಕ ಹೊಯ್ದ ಸೀಸದ ಗುಂಡನ್ನು ಒಮ್ಮೆ ಹಾರಿಸಿದವರು ಆಮೇಲೆ ಅಂಗಡಿಯ ಗುಂಡಿನ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ. ಕ್ರೋ ಹಾಲೊ ಪಿಸ್ತೂಲು ಕ್ಲಬ್ಬಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ.

ಹೆಂಗಸಿಗೆ ಅರವತ್ತಮೂರು. ಇಪ್ಪತ್ತು ವರ್ಷ ಪತ್ರಿಕೆಯ ಅಚ್ಚುಕೂಟದಲ್ಲಿ ಬಿಸಿ ಸೀಸದಿಂದ ಅಕ್ಷರದ ಸಾಲು ಎರೆಯುವ ಯಂತ್ರದ ಮುಂದೆ ಕೂತವಳು. ಆ ಯಂತ್ರ ಗುಜರಿಗೆ ಹೋದ ದಿನ ಮಿಕ್ಕವರೆಲ್ಲ ಕಣ್ಣೊರೆಸಿಕೊಂಡು ಕೇಕ್ ತಿನ್ನುತ್ತಿದ್ದರೆ, ಇವಳು ಅಚ್ಚಿನ ಸೀಸದ ಗಟ್ಟಿಗಳನ್ನೆಲ್ಲ ಗಂಡನ ಗಾಡಿಗೆ ತುಂಬಿಸಿಕೊಂಡು ಮನೆಗೆ ತಂದಳು. ಆ ಸೀಸ ಗಟ್ಟಿಯಾಗಲೆಂದು ತವರ, ಆಂಟಿಮನಿ ಎಂಬ ಲೋಹ ಬೆರೆಸಿರುತ್ತಾರೆ. ಮೆತ್ತನೆಯ ಸೀಸಕ್ಕೆ ಅದನ್ನು ಎಷ್ಟು ಕೂಡಿಸಿದರೆ ಗುಂಡು ನಳಿಗೆಗೆ ಮೆತ್ತಿಕೊಳ್ಳದೆ ನೆಟ್ಟಗೆ ಹೋಗುತ್ತದೆ ಎಂಬ ಹದ ಹುಡುಕಲು ಅವಳಿಗೆ ಆರು ವರ್ಷ ಹಿಡಿಯಿತು. ಹಿಡಿದರೂ ಹಿಡಿಯಿತು, ಕೊನೆಗೆ ಸಿಕ್ಕಿತಲ್ಲ! ಗಂಡ ತೀರಿಹೋದ ಮೇಲೂ ಗ್ಯಾರೇಜಿನಲ್ಲಿ ಎರಕ ನಿಲ್ಲಲಿಲ್ಲ.

ಅವಳ ಅಳಿಯ ಲೀಲ್ಯಾಂಡ್ ಅಂಚೆ ಹಂಚುವವನು. ನಲವತ್ತಾರು ವರ್ಷದ ಸಾಧು ಮನುಷ್ಯ, ಆದರೆ ಉಪಕಾರ ಮಾಡುವ ಚಟ ಸ್ವಲ್ಪ ಜಾಸ್ತಿ. ಕ್ಲಬ್ಬಿನ ನಾಲ್ವರ ತಂಡದಲ್ಲಿ ನಾಲ್ಕನೆಯವನು. ಮುನ್ನೂರು ಅಂಕಕ್ಕೆ ಇನ್ನೂರ ಅರವತ್ತರ ಆಸುಪಾಸು ಹೊಡೆಯುತ್ತಿದ್ದ. ಅತ್ತೆಯದು ಇನ್ನೂರ ತೊಂಬತ್ತು. ಅತ್ತೆಯ ಗುಂಡನ್ನೇ ಹಾರಿಸುತ್ತ, ಅತ್ತೆಯನ್ನು ಮನಸ್ಸಿನಲ್ಲೇ ಪೂಜಿಸುತ್ತ, ಅವಳೆದುರು ಬಾಯಿ ಬಿಡಲು ಹೆದರುತ್ತ ಒಂಬತ್ತು ವರ್ಷ ಕಳೆದಿದ್ದ.

ಜಿಲ್ಲೆಯ ತಂಡಗಳ ಪಂದ್ಯದಲ್ಲಿ ಗೆದ್ದವರಿಗೆ ಕೊಡುವ ಕಪ್ಪು ಹತ್ತೊಂಬತ್ತು ವರ್ಷದಿಂದ ಸ್ಟೋನಿ ಫೋರ್ಡ್ ಕ್ಲಬ್ಬಿನವರ ಕಪಾಟಿನಲ್ಲಿ ಕೂತಿತ್ತು. ಒಂಟಿ ಸ್ಪರ್ಧೆಯ ಮೆಡಲನ್ನು ವರ್ನಾ ಸತತ ಆರು ಸಲ ಗೆದ್ದಿದ್ದಳು. ಕಪ್ಪು ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ. ಈ ಸಲ ಕೈಗೆಟುಕುವ ಹಾಗಿತ್ತು. ಪಂದ್ಯ ಶನಿವಾರ.

ಗುರುವಾರ ಚರ್ಚಿನಲ್ಲಿ ಹೆಂಗಸರೆಲ್ಲ ಸೇರಿ ಪಿರೋಗಿ ಕಡುಬು ಮಾಡುವ ದಿನ. ವರ್ನಾ ಅಲ್ಲಿಗೆ ಹೊರಟಳು. ಪಂದ್ಯದ ಗುಂಡನ್ನು ಸಂಜೆ ಬಂದು ಎರೆಯುವುದಾಗಿ ಹೇಳಿ, ಹದ ಮಾಡಿಟ್ಟ ಕೊನೆಯ ಸೀಸವನ್ನೆಲ್ಲ ವಿದ್ಯುತ್ ಕುಲುಮೆಗೆ ತುಂಬಿಟ್ಟಿದ್ದಳು. ಮೊದಲು ಎರೆದಿಟ್ಟ ಗುಂಡಿನ ದಾಸ್ತಾನು ಅಭ್ಯಾಸದಲ್ಲಿ ಪೂರ್ತಿ ಖರ್ಚಾಗಿತ್ತು.

ಲೀಲ್ಯಾಂಡನಿಗೆ ಅವತ್ತು ರಜೆ. ಅತ್ತೆ ಬರುವಷ್ಟರಲ್ಲಿ ಸೀಸ ಕಾಯಿಸಿಟ್ಟರೆ ಮೆಚ್ಚಿಕೊಂಡಾಳು ಅಂದುಕೊಂಡ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕಾರಿನ ಚಕ್ರದ ಸಮತೋಲಕ್ಕೆ ಸಿಕ್ಕಿಸುವ ತೂಕದ ತುಂಡುಗಳನ್ನು ಟೈರ್ ಅಂಗಡಿಯಿಂದ ತಂದಿದ್ದ; ಸೀಸ ಇನ್ನಷ್ಟಾಗಲಿ ಎಂದು ಅವನ್ನೂ ಎರಡು ಬೊಗಸೆ ಸುರಿದ. ಬೇಗ ಕರಗಲಿ ಎಂದು ಉರಿಯ ತಿರುಪನ್ನು ಕೊನೆಯವರೆಗೂ ತಿರುಗಿಸಿದ.

ಅಯ್ಯೋ ಪುಣ್ಯಾತ್ಮ! ಆ ತುಂಡುಗಳಲ್ಲಿ ಕೆಲವು ಸೀಸ, ಕೆಲವು ಸತು. ನೋಡಲು ಎರಡೂ ಒಂದೇ. ಉರಿ ಹದವಾಗಿದ್ದರೆ ಸತು ಕರಗದೆ ಮೇಲೆ ತೇಲುತ್ತದೆ, ಸೌಟಿನಲ್ಲಿ ಎತ್ತಿ ಬಿಸಾಡಬಹುದು. ಉರಿ ಏರಿಸಿದರೆ ಅದೂ ಕರಗಿ ಸೀಸದೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಅದನ್ನು ಬೇರ್ಪಡಿಸುವುದೆಂದರೆ ಹಾಲಿಗೆ ಬಿದ್ದ ಸಕ್ಕರೆ ಆರಿಸಿದ ಹಾಗೆ. ಎರಕ ಹೊಯ್ಯುವವರ ಪಾಲಿಗೆ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ವರ್ನಾ ಬಂದಾಗ ಕನ್ನಡಿಯಂತೆ ಹೊಳೆಯಬೇಕಿದ್ದ ಸೀಸದ ಮೇಲೆ ಅಂಬಲಿಯಂಥ ಕೆನೆ ಕಟ್ಟಿತ್ತು. ಅವಳು ಕೋಟನ್ನೂ ಬಿಚ್ಚಲಿಲ್ಲ.

"ಏನ್ ಹಾಕ್ದೆ ಇದಕ್ಕೆ?"

ಕುಲುಮೆಯೇ ಕೆಟ್ಟಿರಬೇಕು ಅಂತ ಹೇಳಿಬಿಡೋಣ ಅನ್ನಿಸಿತು ಲೀಲ್ಯಾಂಡನಿಗೆ. ಮಾತು ಗಂಟಲಿನವರೆಗೂ ಬಂದಿತ್ತು. ಅತ್ತೆಯ ಮುಖ ನೋಡಿದ ಮೇಲೆ ಸುಳ್ಳು ಹೇಳುವ ಧೈರ್ಯ ಉಡುಗಿಹೋಯಿತು.

"ಚಕ್ರದ ತೂಕ, ಅತ್ತೆ. ಉರೀನೂ ಜಾಸ್ತಿ ಮಾಡ್ಬಿಟ್ಟೆ. ನಿಮಗೆ ಸಹಾಯ ಆಗ್ಲಿ ಅಂತ..."

"ಅಳಿಯದೇವ್ರು ಸಹಾಯ ಮಾಡಿದ್ರಾ!" ಅವಳು ಒಂದು ಗುಂಡು ಎರೆದು ನೋಡಿದಳು. ಮೈಯೆಲ್ಲ ಸುಕ್ಕು, ಅಂಚುಗಳು ತುಂಬಿಯೇ ಇರಲಿಲ್ಲ. ಇನ್ನೊಂದು ಎರೆದಳು, ಅದೂ ಹಾಗೇ. ಅಚ್ಚನ್ನು ಮೆಲ್ಲಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. "ಮುಗೀತು. ಹತ್ತೊಂಬತ್ತು ವರ್ಷ ಕಾದಿದ್ದೆ ಕಣೋ ಈ ಶನಿವಾರಕ್ಕೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ದನಿಯನ್ನು ತಡೆಯಲಾರದೆ ಕೇಳಿದ.

"ಅಂಗಡೀಲಿ ತಂದ್ರೆ?"

"ಅಂಗಡೀದು ನನ್ನ ಪಿಸ್ತೂಲಿಗೆ ಒಂದು ಕೂದಲೆಳೆ ಸಣ್ಣ. ಹತ್ತು ಹೊಡೆಯೋಷ್ಟರಲ್ಲಿ ನಳಿಗೆ ತುಂಬ ಸೀಸ ಮೆತ್ಕೊಳ್ತದೆ. ಹೋದ್ ವರ್ಷ ನೀನೇ ಉಜ್ಜಿದ್ದೀಯಲ್ಲ, ಮರೆತ್ಯಾ?"

ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಎದ್ದು ಶೆಲ್ಫುಗಳನ್ನು ತಡಕಾಡಿದಳು. ಕೆಳಗಿನ ಮೂಲೆಯಲ್ಲಿ ಒಂದು ಕಾಫಿ ಡಬ್ಬಿ ಸಿಕ್ಕಿತು. ಎರಡು ತಿಂಗಳಿಂದ ಎರಕವಾದ ಗುಂಡುಗಳನ್ನು ಆರಿಸಿ ಕೊಡುತ್ತಿದ್ದವನು ಲೀಲ್ಯಾಂಡ್. ಅವನು ಬೇಡವೆಂದು ತೆಗೆದದ್ದೆಲ್ಲ ಮತ್ತೆ ಕರಗಿಸಲೆಂದು ಆ ಡಬ್ಬಿಯಲ್ಲಿತ್ತು. ಅವಳು ಒಂದು ಹಿಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು.

"ಇದನ್ನ ಯಾಕೆ ಬಿಸಾಕ್ದೆ?"

"ಹೊಳಪಿಲ್ಲ. ಮಂಜು ಹಿಡಿದಂಗೆ ಬೆಳ್ಳಗಿತ್ತು, ಅದಕ್ಕೇ..."

"ಅಚ್ಚು ಚೆನ್ನಾಗಿ ಕಾದಾಗ ಹಿಂಗೇ ಬೆಳ್ಳಗೆ ಬರೋದು, ದಡ್ಡಾ! ಇವನ್ನೇನು ಕಿವಿಗೆ ಹಾಕ್ಕೊಂಡು ಮದುವೆಗೆ ಹೋಗ್ತೀಯಾ, ಹೊಳೆಯೋಕೆ?" ಅವಳ ದನಿಗೆ ಜೀವ ಬಂದಿತ್ತು. "ಮುಖ ಹೆಂಗಾದ್ರೂ ಇರ್ಲಿ. ಗುಂಡಿನ ದಾರಿ ಇರೋದು ಬುಡದಲ್ಲಿ. ನಳಿಗೆಯಿಂದ ಕೊನೆಗೆ ಹೊರಗೆ ಬೀಳೋದು ಬುಡ. ಅದರ ಅಂಚು ಒಂದು ಕಡೆ ಮೊಂಡಾಗಿದ್ರೆ ಮದ್ದು ಉರಿದ ಗ್ಯಾಸು ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನ ಅಡ್ಡಕ್ಕೆ ತಳ್ತದೆ. ಕೂತ್ಕೋ. ಒಂದೊಂದೇ ಬುಡ ನೋಡೋಣ."

ಕೂತರು. ಲೀಲ್ಯಾಂಡ್ ಭೂತಗನ್ನಡಿ ಹಿಡಿದು ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ ವರ್ನಾ ಹೆಬ್ಬೆರಳ ಉಗುರನ್ನು ಅಂಚಿನ ಸುತ್ತ ಆಡಿಸಿ ತೀರ್ಪು ಕೊಟ್ಟುಬಿಡುತ್ತಿದ್ದಳು. ಅವಳು ಸರಿ ಎಂದದ್ದನ್ನು ಅವನು ಕನ್ನಡಿಯಲ್ಲಿ ಮತ್ತೆ ಪರೀಕ್ಷಿಸಿದ. ಒಂದೂ ತಪ್ಪಿರಲಿಲ್ಲ. ಎಂಥಾ ಕೈಯಪ್ಪಾ ಅದು! ಸುಟ್ಟ ಕಲೆಗಳು, ಊದಿದ ಗೆಣ್ಣುಗಳು. ಅಂಥ ಬೆರಳು ಕೂದಲೆಳೆಯ ವ್ಯತ್ಯಾಸ ಹಿಡಿಯುವುದನ್ನು ನೋಡುತ್ತ ಅವನು ತನ್ನ ಅಪರಾಧವನ್ನೇ ಅರೆಗಳಿಗೆ ಮರೆತ.

ಬುಡದ ಅಂಚು ಚೂಪಾಗಿದ್ದವು ಮೂವತ್ತೆರಡು ಸಿಕ್ಕವು. ಅಂಚು ಚೂರು ಮೊಂಡಾದವು ಮೂವತ್ತೆರಡು. ಉಳಿದದ್ದು ಕೆಲಸಕ್ಕೆ ಬಾರದ್ದು. ತಂಡದ ಮಿಕ್ಕಿಬ್ಬರು ತಮ್ಮ ಪಾಲನ್ನು ಮೊದಲೇ ಒಯ್ದಿದ್ದರು; ಇವರಿಬ್ಬರಿಗೆ ತಲಾ ಮೂವತ್ತು ಬೇಕಿತ್ತು.

"ಒಳ್ಳೇವು ನಿಮಗೆ, ಅತ್ತೆ. ಮೊಂಡು ನಂಗಿರ್ಲಿ. ಕೆಡಿಸಿದ್ದು ನಾನು."

"ಬಾಯ್ಮುಚ್ಕೊಂಡು ಮೇಣ ಹಚ್ಚು," ಅಂದಳು.

ಶುಕ್ರವಾರ ಅವನು ಗುಂಡುಗಳಿಗೆ ಮೇಣ ಹಚ್ಚಿ ಅಳತೆಗೆ ತಂದ. ಮದ್ದು ತೂಗಿ ಹಿತ್ತಾಳೆಯ ಚಿಪ್ಪಿಗೆ ಹಾಕಿ ಗುಂಡು ಕೂರಿಸುವ ಕೆಲಸವನ್ನು ವರ್ನಾ ಯಾರಿಗೂ ಕೊಡುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ತಾನೇ ಮಾಡಿದಳು. ತೋಟಾ ಸಿದ್ಧವಾದ ಮೇಲೆ ಗುಂಡಿನ ಬುಡ ಚಿಪ್ಪಿನೊಳಗೆ ಮುಚ್ಚಿಹೋಗುತ್ತದೆ, ಹೊರಗೆ ಕಾಣುವುದು ಮುಖ ಮಾತ್ರ. ಶನಿವಾರ ಬೆಳಿಗ್ಗೆ ಅವನ ಕೈಗೆ ಒಂದು ಡಬ್ಬಿ ತುರುಕಿದಳು. "ಹಿಡಿ ನಿನ್ನ ಮೊಂಡು."

ಮೊದಲ ಹತ್ತು ಗುಂಡು ಐವತ್ತು ಗಜಕ್ಕೆ, ನಿಧಾನ. ಕಾಡ ಅಂಚಿನಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಮೊಂಡು ಗುಂಡು ತಾನೇ, ಹೋದಲ್ಲಿ ಹೋಗಲಿ ಎಂದು ಲೀಲ್ಯಾಂಡ್ ಮೊದಲನೆಯದನ್ನು ಹಾರಿಸಿ ದುರ್ಬೀನಿಗೆ ಕಣ್ಣಿಟ್ಟ. ಹತ್ತು! ಎರಡನೆಯದು ಒಂಬತ್ತು. ಮತ್ತೆ ಹತ್ತು. ಇದೇನು ನನ್ನ ಕೈಯೇನಾ ಅನ್ನಿಸಿತು. ಆಮೇಲಾಮೇಲೆ ಯೋಚನೆ ಬಿಟ್ಟು ಹೊಡೆಯುತ್ತ ಹೋದ.

ಪಕ್ಕದಲ್ಲಿ ಅತ್ತೆಯ ಏಳನೆಯ ಗುಂಡು ಆರರ ಗೆರೆಗೆ ಬಿತ್ತು. ವರ್ನಾ ಡುರ್ಕೊ ಆರು ಹೊಡೆದದ್ದನ್ನು ಆ ಕ್ಲಬ್ಬಿನಲ್ಲಿ ಯಾರೂ ಕಂಡಿರಲಿಲ್ಲ. ತಂಡದ ಸ್ಟುಶ್ ಹಿಂದಿನಿಂದ "ಯೇಸುವೇ" ಎಂದು ಉಸಿರು ಬಿಟ್ಟ. ಅವಳು ಮೂಗು ಉಜ್ಜಿಕೊಂಡಳು, ಪಿಸ್ತೂಲು ಎತ್ತಿದಳು, ಮುಂದಿನದನ್ನು ಹತ್ತಕ್ಕೆ ನೆಟ್ಟಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಇಪ್ಪತ್ತೈದು ಗಜದ ಇಪ್ಪತ್ತು ಗುಂಡುಗಳೂ ಮುಗಿದವು. ಅಂಕ ಕೂಡಿದರು. ಲೀಲ್ಯಾಂಡ್ ಇನ್ನೂರ ಎಪ್ಪತ್ತೊಂಬತ್ತು. ಜನ್ಮದಲ್ಲೇ ಅಷ್ಟು ಹೊಡೆದಿರಲಿಲ್ಲ. ವರ್ನಾ ಇನ್ನೂರ ಎಂಬತ್ತನಾಲ್ಕು. ಸ್ಟೋನಿ ಫೋರ್ಡಿನ ಕ್ಲೇಟನ್ ಎಂಬ ಮೀಸೆಯವನು ಇನ್ನೂರ ಎಂಬತ್ತೈದು ಹೊಡೆದು ಒಂದೇ ಒಂದು ಅಂಕದಿಂದ ಮೆಡಲು ಕಿತ್ತುಕೊಂಡ. ಆದರೆ ತಂಡದ ಲೆಕ್ಕದಲ್ಲಿ ಕ್ರೋ ಹಾಲೊ ಮೂರು ಅಂಕ ಮುಂದಿತ್ತು. ಕಪ್ಪು ಬಂತು!

ಕ್ಲಬ್ಬಿನಲ್ಲಿ ಕೀಲ್ಬಾಸಾ ಸಾಸೇಜು, ಹುಳಿಕೋಸು, ಬಿಯರು. ಸ್ಟುಶ್ ಕಪ್ಪನ್ನು ತಲೆಯ ಮೇಲಿಟ್ಟುಕೊಂಡು ಕುಣಿಯುತ್ತಿದ್ದ. ಲೀಲ್ಯಾಂಡನ ತಲೆಯಿಂದ ಮಾತ್ರ ಅತ್ತೆ ಹೊಡೆದ ಆ ಆರು ಹೋಗಿರಲಿಲ್ಲ. ಇಬ್ಬರ ಡಬ್ಬಿಯಲ್ಲೂ ಎರಡೆರಡು ತೋಟಾ ಉಳಿದಿದ್ದವು. ಒಂದೊಂದನ್ನು ತೆಗೆದುಕೊಂಡು ಒಳಕೋಣೆಗೆ ಹೋದ. ತೋಟಾ ಬಿಚ್ಚಲೆಂದೇ ಇರುವ ಟೊಳ್ಳು ತಲೆಯ ಸುತ್ತಿಗೆಯೊಳಗೆ ಅತ್ತೆಯದನ್ನು ಸಿಕ್ಕಿಸಿ ನೆಲಕ್ಕೆ ಕುಟ್ಟಿದ. ಗುಂಡು ಕಳಚಿ ಬಂತು. ಬುಡದ ಅಂಚಿನ ಮೇಲೆ ಉಗುರಾಡಿಸಿದ. ಮೊಂಡು. ತನ್ನದನ್ನು ಕುಟ್ಟಿದ. ಅದರ ಅಂಚು ಉಗುರಿಗೆ ಚುಚ್ಚಿತು.

ಹೊರಗೆ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತಿದ್ದ ಅತ್ತೆಯ ಮುಂದೆ ಎರಡು ಗುಂಡುಗಳನ್ನೂ ಇಟ್ಟ.

"ಯಾಕ್ ಹಿಂಗ್ ಮಾಡಿದ್ರಿ? ನಿಮ್ಮ ಮೆಡಲ್ ಹೋಯ್ತಲ್ಲ, ಅತ್ತೆ!"

"ನೋಡು, ಒಂದು ಗುಂಡು ಅಡ್ಡ ಹೋದ್ರೆ ನೀನು ಕುಗ್ಗಿ ಮುಂದಿನ ನಾಲ್ಕೂ ಕೆಡಿಸ್ಕೊಳ್ತೀಯ. ಒಂಬತ್ತು ವರ್ಷದಿಂದ ನೋಡ್ತಿದ್ದೀನಿ. ನಂಗೆ ಅಡ್ಡ ಹೋದದ್ದು ಗುಂಡಿನ ತಪ್ಪು ಅಂತ ಗೊತ್ತಿರ್ತದೆ, ಅಲ್ಲಿಗೇ ಬಿಡ್ತೀನಿ. ಮೆಡಲ್ ಆರಿದೆ. ಕಪ್ ಒಂದೂ ಇರ್ಲಿಲ್ಲ."

"ಮೊಂಡು ಅಂತ ಸುಳ್ಳು ಯಾಕೆ ಹೇಳಿದ್ರಿ ಮತ್ತೆ?"

"ಒಳ್ಳೇದು ಅಂತ ಹೇಳಿದ್ರೆ ಕೈ ನಡುಗ್ತಿತ್ತು ನಿಂಗೆ." ಅವಳು ಕೀಲ್ಬಾಸಾದ ತುಂಡನ್ನು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು. "ನಿನ್ನ ಕೈ ಚೆನ್ನಾಗೇ ಇದೆ, ಲೀಲ್ಯಾಂಡ್. ಮೊದಲ ದಿನದಿಂದ ಚೆನ್ನಾಗಿತ್ತು."

ಒಂಬತ್ತು ವರ್ಷದಲ್ಲಿ ಅವನ ಹೆಸರು ಹಿಡಿದು ಅವಳು ಕರೆದದ್ದು ಅದೇ ಮೊದಲು. ಅವನ ಕಣ್ಣು ತುಂಬಿಬಂತು. ಮರೆಮಾಚಲು ಹೋಗದೆ ಹಾಗೆಯೇ ಅವಳ ಪಕ್ಕ ಕೂತ.

"ಮುಂದಿನ ವರ್ಷ ಮೊಂಡು ಡಬ್ಬಿ ನಂಗೆ ಕೊಡಿ, ಅತ್ತೆ. ಮೊಂಡು ಅಂತ ಹೇಳಿಯೇ ಕೊಡಿ. ಕೆಡಿಸ್ಕೊಳ್ಳಲ್ಲ."

ವರ್ನಾ ತಟ್ಟೆಯನ್ನು ಇಬ್ಬರ ನಡುವೆ ಇಟ್ಟು, "ಕೊಡ್ತೀನಿ, ತಿನ್ನು," ಅಂದಳು.