ನೀರಿನ ಕೂಗು

ನಲ್ಲಿ ಕೆಮ್ಮಿತು, ಬರೀ ಗಾಳಿ, ಆಮೇಲೆ ಇನ್ನೊಂದು ಕೆಮ್ಮು, ಕೊಳವೆಯೊಳಗೆ ಎಲ್ಲೋ ದೂರದಲ್ಲಿ ಗುಡುಗುಡು — ಬರುತ್ತೆ, ಬಂದೇ ಬರುತ್ತೆ, ಆದರೆ ಇನ್ನೂ ಬಂದಿಲ್ಲವಲ್ಲ, ಬರದೇ ಇರೋದನ್ನ ಬಂತು ಅಂತ ಹೇಗೆ ಅನ್ನೋದು, ಅವಳು ಅಂಗೈಯನ್ನು ನಲ್ಲಿಯ ಬಾಯಿಗೆ ಒಡ್ಡಿಕೊಂಡು ಹಾಗೇ ನಿಂತಳು, ಕೆಳಗೆ ತೊಟ್ಟಿಯ ತಳ, ಒಣ ತಗಡು, ಅದರ ಕಡೆ ನೋಡಬಾರದು, ನೋಡಲ್ಲ. ಒಲೆ ಮುಂದಿನಿಂದ ಅಡುಗೆಯಾಕೆ ಒಂದೇ ಸಮ ಅನ್ನುತ್ತಿದ್ದಾಳೆ, ಏನಮ್ಮಾ ಗರ ಬಡಿದವಳ ಹಾಗೆ ನಿಂತೆ, ಒಂದು ಸಲ ಗಂಟಲು ಬಿಡು, ಮೇಲಿನ ಹುಡುಗಿಯರು ಬಕೆಟ್ ಹಿಡ್ಕೊಂಡು ಇಳಿಯೋಕೇ ಹತ್ತು ನಿಮಿಷ ಬೇಕು, ನೀರು ಬಿಡೋದೇ ಅರ್ಧ ಗಂಟೆ. ಹಾಸ್ಟೆಲಿನವರು ಅವಳನ್ನು ಸೇರಿಸಿಕೊಂಡಿದ್ದೇ ಆ ಗಂಟಲಿಗೆ. ಕುರಿ ಕಾಯುತ್ತಿದ್ದವಳಂತೆ, ಪಾತ್ರೆ ಉಜ್ಜುತ್ತಾಳೆ, ನೀರು ಬಂದಾಗ ಮೂರನೇ ಮಹಡಿಗೂ ಕೇಳೋ ಹಾಗೆ ಕೂಗುತ್ತಾಳೆ, ಇನ್ನು ಗಂಟೆ ಬೇಕಿಲ್ಲ ಬಿಡಿ ಅಂತ ವಾರ್ಡನ್ ನಕ್ಕಿದ್ದಳು, ಇವಳೂ ನಕ್ಕಿದ್ದಳು, ನಗದೆ ಇನ್ನೇನು ಮಾಡೋದು, ಇವತ್ತು ಮೊದಲನೇ ದಿನ, ಕೂಗದಿದ್ದರೆ ನಾಳೆಯಿಂದ ಬರಬೇಡ ಅಂದುಬಿಟ್ಟರೆ — ಗಂಡನಿಗೆ ಮಂಡಿ ಊದಿದೆ, ಬಾಡಿಗೆ ಕೋಣೆಯ ಗೋಡೆಗೆ ಒರಗಿ ಕೂತಿರುತ್ತಾನೆ, ಜನ್ಮವಿಡೀ ನಡೆದ ಮನುಷ್ಯ.

ಕುರಿಗಳನ್ನು ನೀರಿಗೆ ಕರೆಯೋ ಈ ಕೂಗು ಕಲಿಸಿದ್ದು ಅತ್ತೆ. ಬೈಯೋದಾದರೆ ಬಾಯಿಗೆ ಬಂದ ಹಾಗೆ ಬೈ, ನನ್ನ ಮಗನನ್ನೂ ಸೇರಿಸಿ ಬೈ, ಈ ಕೂಗು ಮಾತ್ರ ನೀರು ಕಣ್ಣಿಗೆ ಬೀಳೋವರೆಗೂ ಹೊರಗೆ ಬರಕೂಡದು ಕಣೇ, ಅವು ನಮ್ಮನ್ನ ನಂಬೋದು ಇದೊಂದರಲ್ಲೇ. ಹೋ, ಬಾರಮ್ಮಾ, ಹೋ — ಅಷ್ಟೇ ಸಾಕು, ಇನ್ನೂರು ತಲೆ ಒಟ್ಟಿಗೆ ಮೇಲೇಳುತ್ತಿತ್ತು, ಎಲ್ಲಕ್ಕಿಂತ ಮುಂದೆ ಯಜಮಾನಿ, ಕಿವಿ ಹರಿದ ಮುದಿ ಕುರಿ, ಹೆಸರಿಟ್ಟಿದ್ದು ಗಂಡ, ನನಗೆ ಇಬ್ಬರು ಯಜಮಾನಿಯರು, ನಾಲ್ಕು ಕಾಲಿನವಳೇ ವಾಸಿ, ಎದುರು ಮಾತಾಡಲ್ಲ ಅನ್ನೋನು. ಆಗೆಲ್ಲ ಕೊಯ್ಲು ಮುಗಿದ ಹೊಲದವರು ತಾವಾಗೇ ಕರೆಯೋರು, ನಾಲ್ಕು ದಿನ ಮಂದೆ ಇಲ್ಲೇ ನಿಲ್ಲಲಿ, ನೆಲಕ್ಕೆ ಗೊಬ್ಬರವಾಗುತ್ತೆ. ಆಮೇಲೆ ಪಂಪು ಬಂತು, ವರ್ಷಕ್ಕೆ ಮೂರು ಬೆಳೆ, ಚೀಲದ ಗೊಬ್ಬರ, ಮುಳ್ಳುತಂತಿ, ಹೊಲ ಖಾಲಿ ಬೀಳೋದೇ ಇಲ್ಲ. ಇವರೇನು ಕೈಕಟ್ಟಿ ಕೂತರಾ, ದಾರಿ ಬದಲಿಸಿದರು, ರಸ್ತೆ ಬದಿಯ ಹುಲ್ಲು ಮೇಯಿಸಿದರು, ಉಣ್ಣೆ ಕೇಳೋರೇ ಇಲ್ಲ ಅಂತಾದಾಗ ಬೇಗ ಮೈ ತುಂಬಿಕೊಳ್ಳೋ ಜಾತಿಯ ಟಗರು ತಂದರು, ಸಂತೆ ಹೇಗೆ ಕುಣಿಸಿತೋ ಹಾಗೆ ಕುಣಿದರು, ಎಲ್ಲ ಬದಲಿಸಿದರು, ಕೂಗೊಂದು ಬಿಟ್ಟು. ಈ ಬೇಸಿಗೆಯಲ್ಲಿ, ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದ ಕೆರೆಗೆ ಹೋದರೆ ಕೆರೆಯೇ ಇಲ್ಲ, ಮಣ್ಣು ತುಂಬಿ ಸೈಟು ಮಾಡಿ ಕಲ್ಲು ನೆಟ್ಟಿದ್ದಾರೆ, ಯಜಮಾನಿ ಆ ಕಲ್ಲುಗಳ ನಡುವೆ ಸುತ್ತಿದ್ದೇ ಸುತ್ತಿದ್ದು, ಇಲ್ಲೇ ಇತ್ತಲ್ಲ ಅನ್ನೋ ಹಾಗೆ, ನಾಲಿಗೆ ಹೊರಗೆ — ಬೇಡ, ಆ ನಾಲಿಗೆ ಬೇಡ ಈಗ. ಎರಡು ದಿನ ಹನಿ ನೀರಿಲ್ಲ. ಇನ್ನು ಆಗಲ್ಲ ಕಣೇ ಅಂದ ಗಂಡ, ದಲ್ಲಾಳಿಗೆ ಫೋನ್ ಮಾಡಿದ.

ಲಾರಿಗೆ ಹಲಗೆ ಇಳಿಬಿಟ್ಟರು, ಒಂದಾದರೂ ಹತ್ತಬೇಕಲ್ಲ, ದಲ್ಲಾಳಿಯ ಆಳುಗಳು ಕಿವಿ ಹಿಡಿದು ಎಳೆದರು, ದೊಣ್ಣೆ ತೆಗೆದರು, ಒಂದು ಮರಿಯ ಕಾಲು ಹಲಗೆಯ ಸಂದಿಗೆ ಸಿಕ್ಕಿ ಲಟಕ್ ಅಂತು, ಗಂಡ ಅವಳ ಮುಖ ನೋಡದೆ ಅಂದ, ಏಟು ತಿಂದು ಹತ್ತೋದಕ್ಕಿಂತ ನಿನ್ನ ಕೂಗಿಗೆ ಹತ್ತಲಿ, ಕರಿ. ಅವಳು ಕರೆದಳು. ಏಟು ತಪ್ಪಲಿ ಅಂತ ಕರೆದಳು, ದೇವರಾಣೆ ಅದಕ್ಕೇ, ಆದರೆ ಕರೆದವಳು ಅವಳೇ ತಾನೇ, ಇನ್ನೂರೂ ಒಂದರ ಮೇಲೊಂದು ಬಿದ್ದು ಹತ್ತಿದವು, ಭಲೇ ಅಕ್ಕಾ ಅಂದ ಒಬ್ಬ ಆಳು, ಇವತ್ತಿಗೂ ಆ ಭಲೇ ಕಿವಿಯಲ್ಲಿದೆ, ಸತ್ತರೂ ಹೋಗಲ್ಲ, ಅತ್ತೆ ಬದುಕಿದ್ದರೆ ಮುಖಕ್ಕೆ ಉಗಿಯುತ್ತಿದ್ದಳು, ಉಗಿಯಲಿ, ಯಾರಾದರೂ ಬಂದು ಉಗಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಂಗೈ ತಣ್ಣಗಾಯಿತು. ನೀರು, ನಿಜವಾದ ನೀರು, ಬೆರಳ ಸಂದಿಯಿಂದ ಸೋರುತ್ತಿದೆ, ಬಂತಲ್ಲ ತಾಯೀ ಇನ್ನಾದರೂ ಕೂಗು ಅಂತಿದ್ದಾಳೆ ಅಡುಗೆಯಾಕೆ, ಹೌದು, ಈ ಸಲ ಸುಳ್ಳಲ್ಲ, ಕಣ್ಣಾರೆ ಕಾಣ್ತಿದೆ, ಕೂಗಬಹುದು, ಅವಳು ಬಾಯಿ ತೆರೆದಳು, ಹೋ — ಕಣ್ಣ ಮುಂದೆ ಆ ಲಾರಿಯ ಪಟ್ಟಿಗಳ ಸಂದಿಯಲ್ಲಿ ಯಜಮಾನಿ, ಎಲ್ಲಕ್ಕಿಂತ ಮೊದಲು ಹತ್ತಿ ಮೂಲೆಯವರೆಗೂ ಹೋದವಳು, ಬಗ್ಗಿ ತಳದ ತಗಡನ್ನು ನೆಕ್ಕಿದಳು, ತಲೆಯೆತ್ತಿ ಇವಳನ್ನು ನೋಡಿದಳು, ಅನುಮಾನ ಒಂದಿಷ್ಟೂ ಇಲ್ಲದ ಕಣ್ಣು, ಮತ್ತೆ ಬಗ್ಗಿ ನೆಕ್ಕಿದಳು, ಒಣ ತಗಡು, ಮತ್ತೆ ನಾಲಿಗೆ, ಒಣ ತಗಡು, ನಾಲಿಗೆ