ಅಳಿಸಿದ ಹತ್ತು ಸಾಲು

“ಕಿತ್ತು ನೋಡಬಹುದಾ?” ಎನ್ನುತ್ತ, ಧ್ವನಿಪುಸ್ತಕಗಳ ಸ್ಟುಡಿಯೋ ಪರಿಶೀಲಿಸಲು ಬಂದಿದ್ದ ಸಮಿತಿಯ ಅಧ್ಯಕ್ಷೆ ಉತ್ತರಕ್ಕೂ ಕಾಯದೆ ಯುಎಸ್‌ಬಿ ಕೇಬಲನ್ನು ಎಳೆದೇಬಿಟ್ಟರು. ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪುಟ್ಟ ಪೆಟ್ಟಿಗೆಯ ದೀಪ ಆರಿತು. ಸ್ಪೀಕರು ಸುಮ್ಮನಾಯಿತು.

“ಧಾರಾಳವಾಗಿ, ಮೇಡಂ,” ಎಂದ ಸ್ಟುಡಿಯೋ ಮುಖ್ಯಸ್ಥ. “ಮೊದಲಾದ್ರೆ ಇಷ್ಟಕ್ಕೇ ಕಂಪ್ಯೂಟರಲ್ಲಿ ದನಿ ನೋಡ್ಕೊಳ್ಳೋ ಲಿನಕ್ಸ್‌ನ ಸೌಂಡ್ ಸರ್ವರ್ ಮಂಕು ಬಡಿದ ಹಾಗೆ ಕೂತ್ಬಿಡ್ತಿತ್ತು. ಎಲ್ಲಾ ಮುಚ್ಚಿ ಮತ್ತೆ ಶುರು ಮಾಡ್ಬೇಕಿತ್ತು. ಈಗ ನಾನೊಂದು ಸ್ಕ್ರಿಪ್ಟ್ ಬರೆದಿದ್ದೀನಿ, ಪುಟ್ಟ ಪ್ರೋಗ್ರಾಮು. ವಾಪಸ್ ಚುಚ್ಚಿದ್ರೆ ಸಾಕು, ಎರಡೇ ಸೆಕೆಂಡು.”

ಹಿಂದಿನ ಸಾಲಿನಲ್ಲಿ ಕೂತಿದ್ದ ತಂತ್ರಜ್ಞೆ ಆ ‘ನಾನೊಂದು’ ಎಂಬುದನ್ನು ನಿಧಾನವಾಗಿ ಚಪ್ಪರಿಸಿದಳು. ಸ್ಕ್ರಿಪ್ಟ್ ಅವಳದು. ಮೂರು ವಾರ ಊಟದ ಬಿಡುವಿನಲ್ಲಿ ಕೂತು ಬರೆದದ್ದು. ಮಗಳಿಗೆ ಜ್ವರವೆಂದು ರಜೆ ಕೇಳಿದಾಗ ಇದೇ ಮನುಷ್ಯ, “ಮನೇಲಿ ನಿಮ್ಮಮ್ಮ ಇದಾರಲ್ಲ, ಮೊದಲು ಇದು ಮುಗಿಸಮ್ಮ” ಎಂದಿದ್ದ. ಮುಗಿಸಿ ಕೊಟ್ಟ ಮರುದಿನವೇ ಫೈಲಿನ ತಲೆಯ ಮೇಲಿದ್ದ ಹತ್ತು ಸಾಲು ಮಾಯವಾಗಿದ್ದವು. ಮೊದಲನೆಯದರಲ್ಲಿ ಅವಳ ಹೆಸರಿತ್ತು. ಉಳಿದ ಒಂಬತ್ತನ್ನು ಆತ ಓದುವ ಗೋಜಿಗೇ ಹೋಗಿರಲಿಲ್ಲ.

ಆ ಒಂಬತ್ತರಲ್ಲಿ ಇದ್ದದ್ದು ಇಷ್ಟು: ಸ್ಟುಡಿಯೋದ ಎರಡು ಪೆಟ್ಟಿಗೆಗಳೂ ಅಗ್ಗದವು, ಎರಡಕ್ಕೂ ಒಂದೇ ಕ್ರಮಸಂಖ್ಯೆ. ಯಾವುದು ಯಾವುದೆಂದು ಕಂಪ್ಯೂಟರಿಗೆ ತಿಳಿಯುವುದು ಚುಚ್ಚಿದ ಜಾಗದಿಂದ ಮಾತ್ರ. ಎಡಗಡೆಯ ಸಾಕೆಟ್ಟು ಪುಸ್ತಕ ಓದುವವರ ಮೈಕಿಗೆ. ಬಲಗಡೆಯದು ಅತಿಥಿಗಳಿಗೆ, ಅದರ ದನಿ ಸದಾ ಮುಚ್ಚಿರುತ್ತದೆ. ದಯವಿಟ್ಟು ಅದಲುಬದಲು ಮಾಡಬೇಡಿ.

ಈ ಸ್ಕ್ರಿಪ್ಟ್ ಬರೆದವರಿಗೇ ಸಂಸ್ಥೆಯ ಹನ್ನೆರಡು ಶಾಖೆಗಳ ಧ್ವನಿ ವಿಭಾಗ ವಹಿಸುತ್ತೇವೆಂದು ಸಮಿತಿ ಹೇಳಿತ್ತು. ಮೇಜು ಓರಣವಾಗಿ ಕಾಣಲೆಂದು ಮುಖ್ಯಸ್ಥ ಅತಿಥಿಗಳ ಪೆಟ್ಟಿಗೆಯನ್ನು ಬೆಳಿಗ್ಗೆಯೇ ತೆಗೆಸಿದ್ದ. ಆಗ ಮೇಜು ಒರೆಸುವ ನೆಪದಲ್ಲಿ ಅವಳು ಕಂಪ್ಯೂಟರನ್ನು ತುಸುವೇ ತಿರುಗಿಸಿದ್ದಳು, ಖಾಲಿಯಾದ ಬಲಗಡೆಯ ಸಾಕೆಟ್ಟು ಕೈಗೆ ಮೊದಲು ಸಿಗುವ ಹಾಗೆ.

ಆತ ಅಧ್ಯಕ್ಷೆಯ ಕಡೆ ನಗುತ್ತಲೇ ಕೇಬಲನ್ನು ತಡವಿ ಚುಚ್ಚಿದ. ಬಲಗಡೆಗೆ.

ಎರಡು ಸೆಕೆಂಡು. ನಾಲ್ಕು. ಪೆಟ್ಟಿಗೆಯ ದೀಪವೇನೋ ಹತ್ತಿತು. “ಹಲೋ, ಹಲೋ.” ಸ್ಪೀಕರು ಮಿಸುಕಲಿಲ್ಲ. ಕಿತ್ತು ಮತ್ತೆ ಅಲ್ಲಿಗೇ ಚುಚ್ಚಿದ. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದ. ಆಗಲೂ ದನಿ ಬರಲಿಲ್ಲ.

“ಸ್ಕ್ರಿಪ್ಟ್ ತೆಗೆದು ನೋಡಿ. ನಿಮ್ಮದೇ ಅಲ್ವಾ?” ಎಂದರು ಅಧ್ಯಕ್ಷೆ.

ತೆಗೆದ. ಬೇರೆ ವಿಷಯದ ಪ್ರಶ್ನೆಪತ್ರಿಕೆ ಸಿಕ್ಕವನ ಹಾಗೆ ಪರದೆಯನ್ನೇ ನೋಡಿದ. ಕೊನೆಗೆ ತಿರುಗಿ, “ಸ್ವಲ್ಪ ಬಾಮ್ಮಾ ಇಲ್ಲಿ,” ಎಂದ.

“ನಾನ್ಯಾಕೆ ಸಾರ್? ನೀವು ಬರೆದಿದ್ದಕ್ಕೆ ನಾನು ಕೈ ಹಾಕಿದ್ರೆ ಚೆನ್ನಾಗಿರಲ್ಲ.”

“ತಮಾಷೆ ಸಾಕು. ಬಾ.”

ಅವಳು ಅವಸರವಿಲ್ಲದೆ ಎದ್ದು ಬಂದು ಅವನ ಪಕ್ಕ ನಿಂತಳು. “ಯಾರು ಬರೆದಿದ್ದು ಅಂತ ಹೇಳಿ. ಸರಿ ಮಾಡ್ತೀನಿ.”

ಆತ ಅವಳ ಕಿವಿಯತ್ತ ಬಾಗಿದ. “ನೀನೇ ಬರೆದಿದ್ದು. ಆಯ್ತಾ?”

“ನನಗೆ ಗೊತ್ತಿರೋದನ್ನ ನನಗೇ ಹೇಳಿದ್ರೆ ಏನ್ ಬಂತು, ಸಾರ್?”

ಅವಳು ಕೇಬಲನ್ನು ಕಿತ್ತು ಎಡಗಡೆಗೆ ಚುಚ್ಚಿದಳು. ಒಂದು, ಎರಡು. ಸ್ಪೀಕರಿನೊಳಗೆ ಕೋಣೆ ಗುಂಯ್‌ಗುಟ್ಟಿತು. ಯಾರದೋ ಕುರ್ಚಿ ಕಿರುಗುಟ್ಟಿದ್ದು ದೊಡ್ಡದಾಗಿ ಕೇಳಿಸಿತು. ಅವಳು ಮೈಕಿನ ಕತ್ತು ಬಗ್ಗಿಸಿ ಅವನ ಬಾಯಿಯ ಮುಂದೆ ತಂದಿಟ್ಟಳು.

“ಈಗ ಎಲ್ಲರಿಗೂ ಕೇಳಿಸುತ್ತೆ ಸಾರ್. ಹೇಳಿ.”

ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು. ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಹಸಿರು ಪಟ್ಟಿ ಅವನ ಉಸಿರಿಗೆ ಏರಿತು, ಇಳಿಯಿತು, ಮತ್ತೆ ಏರಿತು.